ಎಂಜಿನ್ನಿಗೆ ಒಯ್ಯಲಾಗದ ಗಡಿಯಾರ

ನಮ್ಮ ಮನೆಯವರು ವಾಡಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಕಾಗದದ ಮೇಲೆ ಲೋಕೊ ಪೈಲಟ್ ಎಂದಿದ್ದರೂ ಓಣಿಯವರಿಗೆಲ್ಲ ಅವರು ಡ್ರೈವರ್ ಸಾಹೇಬರು. ನಾನು ಚಿತ್ತಾಪುರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತೇನೆ. ಹಾಗಾಗಿ ನಮ್ಮ ಸಂಸಾರದ ಹೆಚ್ಚಿನ ಮಾತುಕತೆ ಒಬ್ಬರು ಮನೆಗೆ ಬರುವ, ಇನ್ನೊಬ್ಬರು ಹೊರಡುವ ನಡುವಿನ ಹೊತ್ತಿನಲ್ಲೇ ನಡೆಯುತ್ತಿತ್ತು.

ಒಂದು ಚಳಿಗಾಲದ ರಜೆಯಲ್ಲಿ ಇಬ್ಬರಿಗೂ ಬಿಡುವು ಸಿಕ್ಕಿತೆಂದು ಚಿಂಚೋಳಿ ಕಡೆ ಚಂದ್ರಂಪಳ್ಳಿ ಡ್ಯಾಮಿಗೆ ಹೋಗಿದ್ದೆವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ಅವರು ನನಗಿಂತ ಮುಂದೆ ಡ್ಯಾಮಿನ ಏರಿ ಹತ್ತಿದರು. ನಾನು ಮೇಲೆ ತಲುಪುವಷ್ಟರಲ್ಲಿ ಕಲ್ಲಿನ ಮೇಲೆ ಕುಳಿತು ನೀರಿನ ಕಡೆ ನೋಡುತ್ತಿದ್ದರು. ತಂಪು ಗಾಳಿ ಬೀಸುತ್ತಿತ್ತು. ಆದರೂ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಮುಖದಲ್ಲಿ ಬಣ್ಣವಿರಲಿಲ್ಲ.

"ಏನಾಯ್ತುರೀ?"

"ಏನಿಲ್ಲ. ಗ್ಯಾಸ್ ಆಗ್ಯದ. ಮುಂಜಾನಿ ಭಜಿ ತಿಂದಿದ್ದೆ ನೋಡು, ಅದು."

ನಾನು ಅವರ ಕೈ ಹಿಡಿದುಕೊಂಡೆ. ನಾಡಿ ನೋಡಬೇಕೆಂದಲ್ಲ, ಸುಮ್ಮನೆ. ಬೆರಳಿಗೆ ಅದು ತಾನಾಗಿ ಸಿಕ್ಕಿತು. ಎರಡು ಬಡಿತ ಒಂದರ ಮೇಲೊಂದು ಬಿದ್ದವು, ಆಮೇಲೆ ಏನೂ ಇಲ್ಲ, ಮತ್ತೆ ಮೂರು ಗಡಿಬಿಡಿಯಲ್ಲಿ ಬಂದವು. ಮೊರದಿಂದ ಜೋಳ ತಗಡಿನ ಮೇಲೆ ಉದುರಿದ ಹಾಗೆ ಯಾವ ತಾಳವೂ ಇಲ್ಲ. ಸ್ವಲ್ಪ ಹೊತ್ತಿಗೆ ಅವರು ಕೈ ಬಿಡಿಸಿಕೊಂಡರು. ಊಟದ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಎರಡು ರೊಟ್ಟಿ ತಿಂದು, ಚಟ್ನಿಗೆ ಉಪ್ಪು ಹೆಚ್ಚಾಗಿದೆ ಎಂದರು.

ಕಾಡಿ ಬೇಡಿ ಅವರನ್ನು ಚಿತ್ತಾಪುರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇಸಿಜಿ ತೆಗೆದರು. ಸರಿಯಾಗಿತ್ತು. ನಮ್ಮ ಮನೆಯವರು ಗೆದ್ದವರ ಹಾಗೆ ನನ್ನ ಮುಖ ನೋಡಿದರು. ಆದರೆ ಡಾಕ್ಟರು ಕಾಗದ ಮಡಚುತ್ತಾ ಹೇಳಿದರು:

"ಇದು ಈಗಿನ ಮಾತು ಹೇಳ್ತದರೀ. ಅವತ್ತಿಂದು ಹೇಳಾಂಗಿಲ್ಲ. ಹಂಗ ಆದಾಗನೇ ಹಿಡೀಬೇಕು. ಒಂದು ದಿನ ಎದಿಗೆ ಮಷಿನ್ ಕಟ್ಟಿ ಕಳಸ್ತಾರ ಕಲಬುರಗ್ಯಾಗ, ಅದು ಮಾಡಸ್ರಿ. ಇಲ್ಲಂದ್ರ ಈಗ ಇಸಿಜಿ ತೆಗಿಯೋ ವಾಚ್ ಬಂದಾವ. ಮತ್ತ ನಿಮ್ಮ ರೈಲ್ವೆ ಡಾಕ್ಟರಿಗೆ ಹೇಳೀರಿಲ್ಲೋ?"

"ಹೇಳ್ತೀನ್ರಿ," ಎಂದರು ಇವರು.

ಹೊರಗೆ ಬಂದ ಮೇಲೆ ಯಾವಾಗ ಹೇಳುತ್ತೀರಿ ಎಂದು ಕೇಳಿದೆ. ಗಾಡಿಗೆ ಹೊತ್ತಾಯಿತೆಂದು ಮುಂದೆ ನಡೆದರು. ಡ್ರೈವರನ ಹೆಂಡತಿಗೆ ಅದು ಅರ್ಥವಾಗುತ್ತದೆ. ಕಣ್ಣು, ಕಿವಿ, ರಕ್ತದೊತ್ತಡ, ಯಾವುದರಲ್ಲಿ ಎಡವಿದರೂ ಎಂಜಿನ್ನಿನಿಂದ ಇಳಿಸುತ್ತಾರೆ. ಇಳಿದವರನ್ನು ನಾನು ನೋಡಿದ್ದೆ. ಆಫೀಸಿನ ಮೂಲೆಯ ಕುರ್ಚಿಯಲ್ಲಿ ಕುಳಿತು, ಗಾಡಿ ಹಾಯ್ದಾಗಲೆಲ್ಲ ಕಿಟಕಿಗೆ ಬರುವವರನ್ನು. ಎದೆಗೆ ಮಷಿನ್ ಕಟ್ಟಿಸಿಕೊಳ್ಳುವ ಮಾತು ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ ಹೋಯಿತು. ಕೊನೆಗೆ ವಾಚಿನ ಮಾತಿಗೆ ಮಾತ್ರ ಒಪ್ಪಿದರು. ಒಪ್ಪಿದರು ಅಂದುಕೊಂಡೆ.

ಶಹಾಬಾದಿನ ಬಜಾರಿನಲ್ಲಿ ಒಂದು ಮೊಬೈಲ್ ಅಂಗಡಿಯಿದೆ. ಅಂಗಡಿಯ ಯಜಮಾನರು ಮುಸ್ಲಿಮರು, ನಮ್ಮ ಮನೆಯವರಿಗೆ ಹಳೆಯ ಪರಿಚಯ. "ಬರ್ರಿ ಡ್ರೈವರ್ ಸಾಬ್, ಬರ್ರಿ ಮೇಡಂ, ಕುಂದ್ರಿ," ಎಂದು ಚಹಾ ತರಿಸಿದರು. ಗಾಜಿನ ಮೇಲೆ ಎರಡು ಬಗೆಯವನ್ನು ಇಟ್ಟರು. ಒಂದು ರಬ್ಬರಿನ ತೆಳು ಪಟ್ಟಿ, ಅಂಕಿ ತೋರಿಸುವಷ್ಟು ಜಾಗ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಕಪ್ಪು ಗಾಜಿನ ದೊಡ್ಡ ಗಡಿಯಾರ. ಅದರ ಬೆಲೆಯಲ್ಲಿ ಮನೆಗೊಂದು ಫ್ರಿಜ್ ಬರುತ್ತಿತ್ತು.

"ಇದು ಬ್ಯಾಂಡ್. ಹೆಜ್ಜಿ ಎಣಸ್ತದ, ನಿದ್ದಿ ನೋಡ್ತದ, ಎದಿ ಬಡಿತ ಸುಮಾರಾಗಿ ತೋರಸ್ತದ. ಒಮ್ಮೆ ಚಾರ್ಜ್ ಮಾಡಿದ್ರ ಭಾಳ ದಿನ ನಡೀತದ. ಇದು ವಾಚ್. ದಿನಾ ಚಾರ್ಜ್ ಬೇಕು. ಆದ್ರ ಇಲ್ಲಿ ಬಾಜೂಕ ಬೆರಳಿಟ್ರ ಇಸಿಜಿ ಬರೀತದ. ಫೋನ್ ಬಂದ್ರ ಇದ್ರಾಗೇ ಮಾತಾಡಬಹುದು."

ನಮ್ಮ ಮನೆಯವರು ಅಲ್ಲಿಗೇ ಹಿಡಿದುಕೊಂಡರು. "ಹಾಂ, ಅದೇ ನೋಡು. ಫೋನ್ ಬರೋ ವಾಚ್ ಎಂಜಿನ್ನ್ಯಾಗ ನಡ್ಯಾಂಗಿಲ್ಲ. ಕಟ್ಟಿಕೊಂಡು ಕುಂತ್ರ ನನ್ನ ಮ್ಯಾಲೇ ಕೇಸ್. ಡ್ಯೂಟಿ ಮ್ಯಾಲೆ ಇಲ್ಲದ್ದು ತಗೊಂಡು ಏನು ಮಾಡ್ಲಿ? ಈ ಪಟ್ಟಿ ಆದ್ರ ಯಾರೂ ಕೇಳಾಂಗಿಲ್ಲ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು. "ಪಟ್ಟಿ ಬಡಿತ ಎಷ್ಟು ಅಂತ ಹೇಳ್ತದ. ಹ್ಯಾಂಗ ಅಂತ ಹೇಳಾಂಗಿಲ್ಲಲ್ಲ?" ಎಂದೆ.

"ಎಷ್ಟು ಅಂತ ಗೊತ್ತಾದ್ರ ಸಾಕು."

ಅಂಗಡಿಯವರು ನಮ್ಮಿಬ್ಬರ ಮುಖ ನೋಡಿ ಚಹಾದ ಲೋಟ ಎತ್ತಿಡುವ ನೆಪದಲ್ಲಿ ಆಚೆ ಹೋದರು. ಪಟ್ಟಿಯನ್ನೇ ತಂದೆವು.

ಮುಂದಿನ ಕೆಲವು ವಾರ ಆ ಪಟ್ಟಿ ಅವರ ಪರ ಸಾಕ್ಷಿಯಾಯಿತು. ಡ್ಯೂಟಿಯಿಂದ ಬಂದು ಬೂಟು ಬಿಚ್ಚುವ ಮುಂಚೆಯೇ ಮುಂಗೈ ನನ್ನ ಮುಂದೆ ಚಾಚುತ್ತಿದ್ದರು. "ನೋಡು. ನಿನಗಿಂತ ಚಲೋ ಅದ." ನಾನೂ ನೋಡುತ್ತಿದ್ದೆ. ಎಪ್ಪತ್ತರ ಆಸುಪಾಸು ಅಂಕಿ ಇರುತ್ತಿತ್ತು. ಎದೆ ಹಗುರಾಗಬೇಕಿತ್ತು, ಆಗುತ್ತಿರಲಿಲ್ಲ. ಅಂಕಿ ನೋಡಿದಾಗಲೆಲ್ಲ ನನ್ನ ಬೆರಳಿಗೆ ಆ ಡ್ಯಾಮಿನ ಮೇಲಿನ ತಾಳತಪ್ಪಿದ ಬಡಿತವೇ ನೆನಪಾಗುತ್ತಿತ್ತು.

ಒಂದು ದಿನ ಅವರೇ ಫೋನಿನಲ್ಲಿ ಹೆಜ್ಜೆಯ ಲೆಕ್ಕ ತೋರಿಸಲು ಕುಳಿತಿದ್ದರು. ಬೆರಳಿನಿಂದ ತಳ್ಳುತ್ತಾ ಹೋದಂತೆ ಹಿಂದಿನ ದಿನದ ಬಡಿತದ ಗೆರೆ ಬಂತು. ಸಮತಟ್ಟಾಗಿ ನಡೆದಿದ್ದ ಗೆರೆ ಮಧ್ಯಾಹ್ನ ಒಮ್ಮೆಲೇ ಮೇಲೆ ಹಾರಿ, ಬಹಳ ಹೊತ್ತು ಮೇಲೆಕೆಳಗೆ ಕುಣಿದು, ಮತ್ತೆ ಇಳಿದಿತ್ತು.

"ಆವಾಗ ಎಲ್ಲಿದ್ರಿ?"

ಅವರು ಪರದೆ ಆರಿಸಿದರು. "ನಾಲವಾರ ಸ್ಟೇಷನ್ ದಾಟಿದ್ದೆ. ಲೋಡ್ ಗಾಡಿ. ಎಂಜಿನ್ ಅಲುಗ್ತದ, ಪಟ್ಟಿ ಸಡಿಲ ಇತ್ತು. ಹಂಗ ತೋರಸ್ತದ ಅದು, ಅಗ್ಗದ ಮಾಲು."

"ದಿನಾ ಚಲೋ ಅಂಕಿ ತೋರಿಸಿದಾಗ ಅದು ಅಗ್ಗದ ಮಾಲು ಅಲ್ಲೇನ್ರಿ?"

ಅವರು ಎದ್ದು ಹೊರಗೆ ಹೋದರು. ಅವರು ಹೇಳಿದ್ದು ನಿಜವೂ ಇರಬಹುದಿತ್ತು. ಅಂಥ ಪಟ್ಟಿಗಳು ಕೈ ಅಲುಗಿದರೆ ತಪ್ಪು ತೋರಿಸುತ್ತವೆಂದು ನಾನೇ ಓದಿದ್ದೆ. ನಿಜವೋ ಅಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಆ ದಿನಗಳಲ್ಲಿ ನನ್ನನ್ನು ತಿಂದದ್ದು ಅದೇ.

ಮರುದಿನದ ಬೆಳಗಿನ ಗಾಡಿಯಲ್ಲಿ ನನ್ನ ಎದುರಿನ ಸೀಟಿನಲ್ಲಿ ನಮ್ಮ ಶಾಲೆಯ ಹೆಣ್ಣುಮಕ್ಕಳಿದ್ದರು. ಒಬ್ಬಳು ಇನ್ನೊಬ್ಬಳ ಜಡೆ ಬಿಗಿದು ಹಾಕುತ್ತಿದ್ದಳು. ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಸದ್ದು ಮಾಡುತ್ತಾ ಹಾಯ್ದುಹೋಯಿತು. ಕಿಟಕಿಯಿಂದ ಅದರ ಎಂಜಿನ್ ಕಂಡದ್ದು ಒಂದು ಕ್ಷಣ ಮಾತ್ರ, ಒಳಗೆ ಕುಳಿತವರ ಮುಖ ಕಾಣಲಿಲ್ಲ. ಡ್ರೈವರನ ಜೊತೆಗೆ ಅಸಿಸ್ಟೆಂಟ್ ಇರುತ್ತಾರೆ, ಎಂಜಿನ್ನಿನಲ್ಲಿ ಎಚ್ಚರಿಸುವ ಗುಂಡಿ ಇರುತ್ತದೆ, ಮುಟ್ಟದಿದ್ದರೆ ಬ್ರೇಕು ತಾನೇ ಬೀಳುತ್ತದೆ ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದರು. ಅದನ್ನೆಲ್ಲ ನೆನಪಿಸಿಕೊಂಡರೂ ಆ ಹುಡುಗಿಯರ ಕಡೆ ನೋಡಲಾಗಲಿಲ್ಲ.

ವಾಡಿ ಸ್ಟೇಷನ್ನಿನಲ್ಲಿ ಡ್ರೈವರುಗಳು ಡ್ಯೂಟಿಗೆ ಹಾಜರಿ ಹಾಕುವ ಕಚೇರಿಗೆ ಲಾಬಿ ಎನ್ನುತ್ತಾರೆ. ದಿನಾ ಅದರ ಮುಂದೆಯೇ ನಡೆದುಹೋಗುತ್ತೇನೆ. ಆ ವಾರ ಒಂದು ಸಂಜೆ ಅದರ ಬಾಗಿಲಲ್ಲಿ ನಿಂತುಬಿಟ್ಟೆ. ಒಳಗಿದ್ದವರು ನನ್ನನ್ನು ಗುರುತಿಸಿದರು.

"ಏನ್ರಿ ಮೇಡಂ? ಸಾಹೇಬ್ರು ಇನ್ನಾ ಬಂದಿಲ್ಲ. ಗಾಡಿ ಹೊರಗಿನ ಸಿಗ್ನಲ್‌ನ್ಯಾಗ ನಿಂತದ. ಏನರೆ ಹೇಳಬೇಕೇನು?"

ಒಂದು ವಾಕ್ಯ ಸಾಕಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದ್ದರೆ ನಮ್ಮ ಮನೆಯವರು ಮತ್ತೆಂದೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಹೇಳದಿದ್ದರೆ ಏನಾಗುತ್ತಿತ್ತೆಂದು ಯೋಚಿಸುವ ಧೈರ್ಯವಿರಲಿಲ್ಲ. ಅದೂ ಅಲ್ಲದೆ ನನ್ನ ಕೈಯಲ್ಲಿದ್ದದ್ದಾದರೂ ಏನು? ಒಂದು ಸರಿಯಾದ ಇಸಿಜಿ, ಒಂದು ನಂಬಲಾಗದ ಗೆರೆ, ಮತ್ತು ನನ್ನ ಬೆರಳಿನ ನೆನಪು.

"ಏನಿಲ್ರಿ, ಸುಮ್ಮ ಬಂದೆ," ಎಂದು ಮನೆಗೆ ನಡೆದೆ.

ಆ ಶನಿವಾರ ಶಾಲೆ ಮುಗಿಸಿ ನೇರ ಶಹಾಬಾದಿಗೆ ಹೋಗಿ ದೊಡ್ಡ ವಾಚನ್ನು ನಾನೇ ಕೊಂಡೆ. ಅಂಗಡಿಯವರು ಪೆಟ್ಟಿಗೆ ಕಟ್ಟುವ ಮುಂಚೆ ಒಂದು ಮಾತು ಹೇಳಿದರು. "ಮೇಡಂ, ಮಾರಾವ ಅಂತ ಎಲ್ಲಾ ಚಲೋನೇ ಹೇಳಬಾರದು ನಾ. ಇದು ಡಾಕ್ಟರ್ ಅಲ್ಲ. ಹಾರ್ಟ್ ಅಟ್ಯಾಕ್ ಆದ್ರ ಇದಕ್ಕ ತಿಳ್ಯಾಂಗಿಲ್ಲ, ಇದ್ರಾಗೇ ಬರದಾರ ನೋಡ್ರಿ. ತಾಳ ತಪ್ಪಿದ್ರ ಹೇಳ್ತದ, ಅದೂ ಆ ಟೈಮಿಗೆ ಬೆರಳಿಟ್ರ. ಎದಿ ನೋವು ಬಂದ್ರ ಇದನ್ನ ನೋಡ್ಕೋತ ಕುಂದ್ರಬ್ಯಾಡ್ರಿ."

ಮನೆಯಲ್ಲಿ ಪೆಟ್ಟಿಗೆ ನೋಡಿದೊಡನೆ ಅವರ ಮುಖ ಕೆಂಪಾಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಸಂಸಾರದಲ್ಲಿ ಅವರು ನನ್ನ ಮೇಲೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು.

"ನನ್ನ ಕೈಗೆ ಬೇಡಿ ಹಾಕಾಕ ತಂದೀಯೇನು? ನಾ ಏನು ಕಳ್ಳೇನು? ನೀ ಇದನ್ನ ನೋಡಿ ನೋಡಿ ಹುಚ್ಚಿ ಆಗ್ತಿ, ನನ್ನೂ ಹುಚ್ಚ ಮಾಡ್ತಿ."

"ಕಟ್ಟಿಕೊಳ್ಳಬ್ಯಾಡ್ರಿ. ಮನ್ಯಾಗ ಇದ್ದಾಗ ದಿನಾ ಒಂದ್ಸಲ ಬೆರಳಿಡ್ರಿ. ಅಷ್ಟೇ."

"ಇಡಾಂಗಿಲ್ಲ."

ಇಡಲಿಲ್ಲ. ವಾಚನ್ನು ನಾನೇ ಕಟ್ಟಿಕೊಂಡು ಓಡಾಡಿದೆ. ಶಾಲೆಯಲ್ಲಿ ಎಲ್ಲರೂ ಕೈ ಹಿಡಿದು ನೋಡಿ ಮೆಚ್ಚಿಕೊಂಡರು. ಅದು ನನಗೆ ನಿದ್ದೆ ಸಾಲದೆಂದು ಹೇಳುತ್ತಿತ್ತು, ಸ್ವಲ್ಪ ನಿಂತು ಉಸಿರಾಡಿ ಎಂದು ಪಾಠದ ನಡುವೆ ಮಣಿಕಟ್ಟು ತಟ್ಟುತ್ತಿತ್ತು. ನನ್ನ ಹೃದಯ ಸರಿಯಾಗಿದೆ ಎಂದು ಕೇಳದಿದ್ದರೂ ಸಾರುತ್ತಿತ್ತು. ಬೇಕಾದವರ ಕೈಗೆ ಹೋಗದ ವಾಚಿಗೆ ಅಷ್ಟು ದುಡ್ಡು ಸುರಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಮಾತ್ರ ಉಳಿಯಿತು. ನೀರು ಬಂತೇ, ಊಟಕ್ಕೆ ಏನು, ಡ್ಯೂಟಿ ಯಾವಾಗ.

ಬೇಸಿಗೆ ಶುರುವಾಗುವ ಹೊತ್ತಿಗೆ ಸೇಡಂನಲ್ಲಿರುವ ನನ್ನ ತಂಗಿ ಒಂದು ಭಾನುವಾರ ಊಟಕ್ಕೆ ಕರೆದಳು. ಅವಳ ಅತ್ತೆ ನಮ್ಮ ಮನೆಯವರನ್ನು ಸ್ವಂತ ಮಗನ ಹಾಗೆ ನೋಡುತ್ತಾರೆ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಅಂದು ಸಂಜೆಯ ಮೇಲೆ ಇವರಿಗೆ ಡ್ಯೂಟಿ ಬರುವ ಅಂದಾಜಿತ್ತು, ಬೇಗ ಉಂಡು ಹೊರಡುವುದೆಂದಾಗಿತ್ತು. ಊಟದ ನಂತರ ಅವರು ಪಡಸಾಲೆಯ ಹೊರಸಿನ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಲೆ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಹಾಗೆಯೇ ಗೋಡೆಗೆ ಒರಗಿದರು.

ನಾನು ಹತ್ತಿರ ಹೋಗುವಷ್ಟರಲ್ಲಿ ಹಣೆ, ಕುತ್ತಿಗೆಯೆಲ್ಲ ಬೆವರು. ಅವರ ಮೊದಲ ಕೆಲಸ ಪಟ್ಟಿಯ ಕಡೆ ನೋಡಿದ್ದು.

"ಎಂಬತ್ತು ಅದ. ನೋಡು, ಎಂಬತ್ತೇ."

ನಾನು ನೋಡುತ್ತಿದ್ದಂತೆ ಅಂಕಿ ಅಳಿಸಿ ಬರಿಯ ಗೆರೆಗಳು ಬಂದವು. ಆಮೇಲೆ ಬೇರೆ ಅಂಕಿ, ಅದಕ್ಕೂ ಹಿಂದಿನದಕ್ಕೂ ಸಂಬಂಧವಿರಲಿಲ್ಲ. ಅವರ ಇನ್ನೊಂದು ಕೈ ಹಿಡಿದೆ. ಅದೇ ಗಡಿಬಿಡಿ, ಅದೇ ನಿಲುಗಡೆ. ಎದೆ ನೋಯುತ್ತಿದೆಯೇ ಎಂದು ಕೇಳಿದೆ. ಇಲ್ಲವೆಂದು ತಲೆ ಅಲ್ಲಾಡಿಸಿದರು. ನಾನು ನನ್ನ ವಾಚು ಬಿಚ್ಚಿ ಅವರ ಮಣಿಕಟ್ಟಿಗೆ ಸುತ್ತಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ ಅಂದೆ."

"ನಿಮ್ಮ ಕಾಲಿಗಿ ಬೀಳ್ತೀನ್ರಿ. ಅರ್ಧ ನಿಮಿಷ."

"ಬ್ಯಾಡ. ಅದು ಬರದ್ರ ಮುಗೀತು ನಂದು. ತಿಳೀವಲ್ದೇನು ನಿಂಗ?"

ಅಷ್ಟೂ ಮಂದಿಯ ಮುಂದೆ ಅವರು ನಿಜ ಹೇಳಿದ್ದು ಆಗ. ತಂಗಿ ನೀರಿನ ಚೊಂಬು ಹಿಡಿದುಕೊಂಡು ನಿಂತಲ್ಲೇ ನಿಂತಳು. ಅವಳ ಅತ್ತೆ ಒಳಗಿನಿಂದ ಬಂದು ಹೊರಸಿನ ಅಂಚಿಗೆ ಕುಳಿತರು. ಅವರಿಗೆ ವಾಚು ಏನು ಮಾಡುತ್ತದೆಂದು ಗೊತ್ತಿರಲಿಲ್ಲ.

"ಯಪ್ಪಾ, ಅಕಿ ಅಷ್ಟು ಅಂಜ್ಯಾಳ. ಅಕಿ ಸಲುವಾಗಿ ಕೊಡು ಕೈ," ಎಂದು ತಾವೇ ಅವರ ಮೊಣಕೈ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡರು.

ಅವರು ಕಣ್ಣು ಮುಚ್ಚಿ ಬೆರಳಿಟ್ಟರು. ಗಾಜಿನ ಮೇಲೆ ಸಣ್ಣ ಗೆರೆ ಹರಿಯತೊಡಗಿತು. ಅಲುಗಬೇಡಿ, ಮಾತಾಡಬೇಡಿ ಎಂದೆ. ಶಿಖರ, ಶಿಖರ, ಬಯಲು, ಶಿಖರ. ಯಾವ ಎರಡರ ನಡುವೆಯೂ ಒಂದೇ ಅಂತರವಿರಲಿಲ್ಲ. ಮುಗಿದ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಏಟ್ರಿಯಲ್ ಫಿಬ್ರಿಲೇಷನ್‌ನ ಲಕ್ಷಣ ಕಾಣುತ್ತಿದೆ, ವೈದ್ಯರನ್ನು ಕಾಣಿ ಎಂದು.

ನಾನು ಓದಿ ಹೇಳುವ ಮೊದಲೇ ಅವರ ಜೇಬಿನ ಫೋನು ರಿಂಗಾಯಿತು. ಲಾಬಿಯಿಂದ. ಗಾಡಿ ಸಿದ್ಧವಿದೆ, ಡ್ಯೂಟಿಗೆ ಬರಬೇಕೆಂಬ ಕರೆಯೇ ಇರಬೇಕು. ಅವರು ಫೋನನ್ನು ನೋಡುತ್ತಾ ಕುಳಿತರು. ಅದು ರಿಂಗಾಗುತ್ತಲೇ ಇತ್ತು. ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಏನಾಗುತ್ತಿತ್ತೋ, ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಎತ್ತಿಕೊಂಡರು. ದನಿ ಸಣ್ಣದಾಗಿತ್ತು, ಆದರೆ ತಡವರಿಸಲಿಲ್ಲ.

"ನನ್ನ ಸಿಕ್ ಬರ್ಕೋರಿ. ಇಲ್ಲ, ಜ್ವರ ಅಲ್ಲ. ಎದಿ ಬಡಿತ ಸರಿ ಇಲ್ಲ. ಹಾಂ, ಹಂಗೇ ಬರೀರಿ. ನಾ ಗಾಡಿ ಒಯ್ಯಾಂಗಿಲ್ಲ."

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ವಾಚಿನ ಗೆರೆಯನ್ನು ಒಮ್ಮೆ ಮಾತ್ರ ನೋಡಿ, "ಸರಿ, ಮಲಗ್ರಿ," ಎಂದು ತಮ್ಮ ಮಷಿನ್ನಿನ ತಂತಿಗಳನ್ನು ಎದೆಗೆ ಹಚ್ಚಿಸಿದರು. ತಾಳ ಇನ್ನೂ ತಪ್ಪಿಯೇ ಇತ್ತು. ಈ ಸಲ ಅದು ದೊಡ್ಡ ಕಾಗದದ ಮೇಲೆ ಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಅರ್ಥವಾಗುವಂತೆ ಹೇಳಿದರು. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ನಡುಗುತ್ತಿವೆ, ಹಾಗೆ ಬಿಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು, ತಲೆ ಸುತ್ತಿ ಬೀಳಬಹುದು, ಔಷಧಿ ಇದೆ, ಅಂಜಬೇಡಿ.

"ಎಷ್ಟು ದಿನದಿಂದ ಹಿಂಗ ಆಗಾಕತ್ತದ?"

ನಾನು ಚಂದ್ರಂಪಳ್ಳಿಯ ಹೆಸರು ಹೇಳಬೇಕೆಂದಿದ್ದೆ. ಅದಕ್ಕೂ ಮುಂಚೆ ಅವರೇ ಹೇಳಿದರು. "ಒಂದು ವರ್ಷ ಆಗ್ಯದರಿ."

ಡ್ಯಾಮಿನ ಮೇಲೆ ನಾನು ಕಂಡದ್ದು ಮೊದಲನೆಯದಾಗಿರಲಿಲ್ಲ.

ಕಲಬುರಗಿಯಲ್ಲಿ ಮುಂದಿನ ಪರೀಕ್ಷೆಗಳು, ಮಾತ್ರೆಗಳು, ರೈಲ್ವೆ ವೈದ್ಯರ ಮುಂದೆ ಹಾಜರಿ, ಮತ್ತೆ ಪರೀಕ್ಷೆ. ಅವರನ್ನು ಎಂಜಿನ್ನಿನಿಂದ ಇಳಿಸಿದರು. ಅದೇ ಲಾಬಿಯಲ್ಲಿ ಕುಳಿತು ಬೇರೆಯವರ ಡ್ಯೂಟಿ ಹಂಚುವ ಕೆಲಸ ಕೊಟ್ಟಿದ್ದಾರೆ. ಮೊದಲ ಕೆಲವು ತಿಂಗಳು ಅವರು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ನನ್ನ ಮೇಲೆ ಸಿಟ್ಟೋ, ವಾಚಿನ ಮೇಲೋ, ತಮ್ಮ ಎದೆಯ ಮೇಲೋ, ಕೇಳುವ ಧೈರ್ಯ ನನಗಿರಲಿಲ್ಲ. ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ.

ನಮ್ಮ ಸುದ್ದಿ ರೈಲ್ವೆ ಕ್ವಾರ್ಟರ್ಸಿನಲ್ಲೆಲ್ಲ ಹರಡಿತು. ಮೊನ್ನೆ ಇನ್ನೊಬ್ಬ ಡ್ರೈವರರ ಹೆಂಡತಿ ಬಂದಿದ್ದರು. ಗಂಡನಿಗೆ ಯಾವುದು ಕೊಡಿಸಲಿ, ದೊಡ್ಡದೋ, ಸಣ್ಣದೋ ಎಂದು ಕೇಳಿದರು. ನಾನು ಸುಲಭವಾಗಿ ಹೇಳಲಾರದೆ ಹೋದೆ. ಬರೀ ನಡೆಯಲು ಹುರುಪು ಬೇಕಿದ್ದರೆ ಸಣ್ಣದು ಸಾಕು, ದೊಡ್ಡದಕ್ಕೆ ಸುರಿಯುವ ದುಡ್ಡು ದಂಡ ಎಂದೆ. ಎದೆ ತಾಳ ತಪ್ಪುತ್ತಿದೆ ಎಂದು ಡಾಕ್ಟರು ಅನುಮಾನಪಟ್ಟಿದ್ದರೆ ದೊಡ್ಡದು ಬೇಕು, ಅದಕ್ಕಿಂತ ಮೊದಲು ಎದೆಗೆ ಮಷಿನ್ ಕಟ್ಟಿಸಿ ಎಂದೆ. ಅವರು ತಲೆಯಾಡಿಸಿದರು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಕೇಳಬೇಕಾದದ್ದು ಬೇರೆಯೇ ಇತ್ತು.

"ಕೊಡಿಸಿದ್ರ ಹಾಕ್ಕೋತಾರಂತೀರೇನು ಅಕ್ಕಾ? ನಮ್ಮವರೂ ಗ್ಯಾಸ್ ಅಂತಾರ."

ನಾನು ಉತ್ತರಿಸುವ ಮುಂಚೆ ಒಳಗಿನ ಕೋಣೆಯಿಂದ ನಮ್ಮ ಮನೆಯವರ ದನಿ ಬಂತು. ಅವರು ಎಚ್ಚರವಿದ್ದದ್ದೇ ನನಗೆ ಗೊತ್ತಿರಲಿಲ್ಲ.

"ನಾಳಿ ಲಾಬಿಗಿ ಬಂದಾಗ ನನ್ನ ಹತ್ರ ಕುಂದ್ರಾಕ ಹೇಳ್ರಿ ಅವರಿಗಿ. ನಾ ಮಾತಾಡ್ತೀನಿ."

ಆಕೆ ಹೋದ ಮೇಲೆ ನಾನು ಚಹಾ ಮಾಡಿ ಒಯ್ದುಕೊಟ್ಟೆ. ಅವರು ಎದ್ದು ಕುಳಿತು, ನನ್ನನ್ನು ನೋಡದೆ, ಆಕೆಯ ಗಂಡನಿಗೆ ಎಷ್ಟು ವಯಸ್ಸು ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಭಾಳ ಸಣ್ಣಾಂವ ಅದಾನ. ಎಂಜಿನ್ನಿಂದ ಇಳಿಸಿದ್ರ ಹ್ಯಾಂಗ ತಡ್ಕೋತಾನೋ," ಎಂದು ತಮಗೇ ಹೇಳಿಕೊಂಡು ಬಹಳ ಹೊತ್ತು ಲೋಟವನ್ನು ತುಟಿಗೆ ಹಚ್ಚಲಿಲ್ಲ.